ಕ್ಲಬ್ಬಿನ ಕೊಳದ ಕರೆಂಟು ಪೆಟ್ಟಿಗೆ

ಕ್ಲಬ್ಬಿನ ಈಜುಕೊಳದ ಪಂಪು ಹಾಕಿದರೆ ಸಾಕು, ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ, ಪೆಟ್ಟಿಗೆಯೊಳಗಿನ ಟ್ರಿಪ್ಪರ್ ಟಪ್ಪಂತ ಬೀಳುತ್ತಿತ್ತು. ಕೊಳದಲ್ಲಿ ಎರಡು ಕಪ್ಪೆ ಸತ್ತು ತೇಲುತ್ತಿದ್ದವು. ಕರೆಂಟು ನೀರಿಗೆ ಸೋರುತ್ತಿದೆ ಅಂತ ಎಲೆಕ್ಟ್ರಿಷಿಯನ್ ಬೋರಲಿಂಗನಿಗೆ ಗೊತ್ತಾಯಿತು.

ಕಾರ್ಯದರ್ಶಿ ಪರಮಶಿವಯ್ಯನವರಿಗೆ ಅದೆಲ್ಲ ಬೇಕಿರಲಿಲ್ಲ. “ಸಂಜೆ ಮಕ್ಕಳ ಈಜು ಸ್ಪರ್ಧೆ ಇದೆ. ಟ್ರಿಪ್ಪರ್ ಕಿತ್ತು ಡೈರೆಕ್ಟ್ ಕೊಡು. ಆಗಲ್ಲ ಅಂದ್ರೆ ನಾಳೆಯಿಂದ ಬರಲೇಬೇಡ!”

ಬೋರಲಿಂಗ ಪೆಟ್ಟಿಗೆಯಲ್ಲಿ ಏನೋ ಮಾಡಿ ಬಂದು ಕೈಮುಗಿದ. “ಕೊಟ್ಟೆ ಸಾರ್. ಮಕ್ಕಳಿಗಿಂತ ಮುಂಚೆ ತಾವೊಮ್ಮೆ ಇಳಿದು ನೋಡಿಬಿಡಿ.”

ಪರಮಶಿವಯ್ಯ ಪ್ಯಾಂಟು ಮಡಚಿ ಮೆಟ್ಟಿಲಿಗೆ ಬಂದರು. ಗಾಳಿಯೇ ಇರಲಿಲ್ಲ, ಆದರೂ ನೀರು ಸಣ್ಣಗೆ ನಡುಗುತ್ತಿತ್ತು. ತಳದಿಂದ ಗುಂಯ್ ಅಂತ ಸದ್ದು ಬಂತು. ಸತ್ತ ಕಪ್ಪೆಯೊಂದರ ಕಾಲು ಅಲುಗಿತು. ಎತ್ತಿದ ಹೆಜ್ಜೆಯನ್ನು ಅವರು ಹಾಗೇ ಹಿಂದಕ್ಕೆಳೆದುಕೊಂಡರು.

“ಬೇಡಪ್ಪಾ, ಸ್ಪರ್ಧೆ ಮುಂದಕ್ಕೆ ಹಾಕ್ತೀನಿ. ನೀನು ಸರಿಯಾಗಿಯೇ ರಿಪೇರಿ ಮಾಡು,” ಎಂದು ಬೆವರೊರೆಸಿಕೊಂಡು ಹೊರಟೇಹೋದರು.

ಬೋರಲಿಂಗ ಕಿಸಕ್ಕನೆ ನಕ್ಕ. ಡೈರೆಕ್ಟೂ ಇಲ್ಲ, ಏನೂ ಇಲ್ಲ. ಕೊಳಕ್ಕೆ ಕರೆಂಟೇ ಹೋಗದಂತೆ ಅವನು ಪೆಟ್ಟಿಗೆಯ ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಜೇಬು ಮುಟ್ಟಿ ನೋಡಿಕೊಂಡ. ಮೂರೂ ಇದ್ದವು.

ಅವನ ನಗು ನಿಂತಿತು. ಕೊಳದ ತಳದ ಗುಂಯ್ ಸದ್ದು ಮಾತ್ರ ನಿಂತಿರಲಿಲ್ಲ.