ಕಡವಿನ ಸುಂಕ

“ಗುರುಗಳೇ, ಆ ಅರಸನ ಕಾಲದಲ್ಲಿ ಪ್ರಜೆಗಳು ಸುಖವಾಗಿದ್ದರು ಎಂದು ಬರೆಯಲೇ?” ಎಂದು ಗುರುಸಿದ್ಧ ಕೇಳಿದ.

ಅವನು ಮಠದಲ್ಲಿದ್ದುಕೊಂಡು ನಾಡಿನ ಚರಿತ್ರೆ ಬರೆಯುತ್ತಿದ್ದ. ಮುಂದೆ ಅರಮನೆಯ ಬೊಕ್ಕಸದ ಹಳೆಯ ಕಡತ ಬಿಚ್ಚಿಕೊಂಡಿತ್ತು. “ನೋಡಿ, ಒಂದೇ ವರ್ಷದಲ್ಲಿ ಹೊಳೆ ದಾಟುವ ಕಡವಿನ ಸುಂಕ ಮೂರು ಪಟ್ಟಾಗಿದೆ. ಜನ ಅಷ್ಟು ಓಡಾಡಿದ್ದಾರೆ ಎಂದರೆ ವ್ಯಾಪಾರ ಚೆನ್ನಾಗಿತ್ತು ಎಂದೇ ಅರ್ಥ.”

ಗುರುಗಳ ಮುಖ ಬಿಗಿಯಿತು. “ಆ ವರ್ಷದ ಕತೆ ಆಚೆ ದಡದವರ ಬಾಯಲ್ಲಿ ಇನ್ನೂ ಇದೆ. ನೀನು ಹೋಗಿ ಕೇಳಲಿಲ್ಲ. ಈಗ ಕೇಳು” ಎಂದು ಹೇಳತೊಡಗಿದರು.

ಆ ಕಡವಿನಲ್ಲಿ ಒಬ್ಬ ಅಂಬಿಗ ಹರಿಗೋಲು ಹಾಕುತ್ತಿದ್ದ. ದಡದಲ್ಲಿ ಒಬ್ಬ ಶಾನುಭೋಗ ಕೂತು, ದಾಟುವವರಿಂದ ತಲೆಗೊಂದು ಕಾಸು ಪಡೆದು ಕಡತಕ್ಕೆ ಏರಿಸುತ್ತಿದ್ದ. ಹೋಗುವವರಿಗೂ ಬರುವವರಿಗೂ ಸುಂಕ ಒಂದೇ. ಹಾಗಾಗಿ ಎಷ್ಟು ಜನ ಹೋದರು, ಎಷ್ಟು ಜನ ಬಂದರು ಎಂದು ಬೇರೆ ಬೇರೆ ಬರೆಯುವ ಪದ್ಧತಿ ಇರಲಿಲ್ಲ.

ಆ ವರ್ಷ ಅರಸ ಒಲೆಗೊಂದು ಹೊಸ ತೆರಿಗೆ ಹಾಕಿದ. ಉರಿಯದ ಒಲೆಗೂ ತೆರಿಗೆ! ಹಾಕಿದವರ ಹೊಟ್ಟೆ ತುಂಬಿತ್ತು, ಅದಕ್ಕೇ ಹಾಕಿದರು. ತೆರಲಾರದ ಜನ ಊರೂರೇ ಗುಳೆ ಎದ್ದು ಹೊಳೆ ದಾಟತೊಡಗಿದರು.

ಒಂದು ದಿನ ಅಂಬಿಗ ಶಾನುಭೋಗನ ಮುಂದೆ ಕೈಮುಗಿದ. “ಬುದ್ಧೀ, ಇವರು ಯಾರೂ ತಿರುಗಿ ಬರೋರಲ್ಲ. ಸಂತೆಗೆ ಹೋಗೋರು ಬೀಸೋ ಕಲ್ಲು ಹೊತ್ಕೊಂಡು ಹೋಗ್ತಾರಾ? ಅರಮನೆಗೆ ಒಂದು ಮಾತು ಬರೀರಿ. ತೆರಿಗೆ ಇಳಿದ್ರೆ ನನ್ನ ಮಗಳಾದ್ರೂ ಇಲ್ಲೇ ಉಳೀತಾಳೆ. ಅವಳೂ ಗಂಟು ಕಟ್ತಾವ್ಳೆ.”

“ತಲೆ ಎಣಿಸೋದಷ್ಟೇ ನನ್ನ ಕೆಲಸ ಕಣಯ್ಯ. ಯಾಕೆ ಹೋದ್ರು ಅಂತ ಬರೆಯೋಕೆ ಕಡತದಲ್ಲಿ ಜಾಗ ಇಲ್ಲ” ಎಂದ ಶಾನುಭೋಗ.

ಎಂಟು ದಿನಕ್ಕೆ ಅಂಬಿಗ ತನ್ನ ಮಗಳನ್ನೇ ದಾಟಿಸಿದ. ಅವಳ ಬಳಿ ಕಾಸಿರಲಿಲ್ಲ, ಸುಂಕವನ್ನು ಅವನೇ ಕಟ್ಟಿದ. ಅವಳ ಕಂಕುಳಲ್ಲಿದ್ದ ಕೂಸನ್ನೂ ಶಾನುಭೋಗ ಒಂದು ತಲೆ ಎಂದು ಎಣಿಸಿದ.

ವರ್ಷದ ಕೊನೆಗೆ ಕಡತವನ್ನು ಅರಸನ ಮುಂದೆ ಓದಿದರು. ನಾಡು ಸುಭಿಕ್ಷವಾಗಿದೆ ಎಂದು ಅರಸ ಹಿಗ್ಗಿದ. ಶಾನುಭೋಗನಿಗೆ ಶಾಲು ಹೊದಿಸಿದ. ಇಷ್ಟು ಸುಖವಾಗಿರುವವರು ಇನ್ನಷ್ಟು ಕೊಡಬಲ್ಲರು ಎಂದು ಒಲೆಯ ತೆರಿಗೆಯನ್ನು ಏರಿಸಿದ. ಕೊಡುವುದಕ್ಕೆ ಊರಲ್ಲಿ ಯಾರಿದ್ದರು? ಗಾಯದ ಮೇಲೆ ಬರೆ ಎಳೆಯುವುದಕ್ಕೂ ಒಂದು ಮೈ ಬೇಕಲ್ಲ! ಆ ಸುದ್ದಿ ಕೇಳಿದ ದಿನ ಅಂಬಿಗ ಹರಿಗೋಲನ್ನು ಆಚೆ ದಡದಲ್ಲೇ ಬಿಟ್ಟು ಮಗಳನ್ನು ಹುಡುಕಿಕೊಂಡು ಹೊರಟುಹೋದ.

ಗುರುಗಳು ಸಿಟ್ಟಿನಿಂದಲೇ ಕತೆ ಮುಗಿಸಿದರು. ಗುರುಸಿದ್ಧ ಕಡತವನ್ನು ಮತ್ತೊಮ್ಮೆ ನೋಡಿ, “ಲೆಕ್ಕದಲ್ಲಿ ಒಂದು ಕಾಸೂ ತಪ್ಪಿಲ್ಲವಲ್ಲ, ಗುರುಗಳೇ. ಹಾಗಾದರೆ ಈ ಕಡತ ಸುಳ್ಳು ಹೇಳುತ್ತಿದೆಯೇ?” ಎಂದು ಕೇಳಿದ.

“ಇಲ್ಲ, ಪ್ರಜೆಗಳು ಸುಖವಾಗಿದ್ದರು ಎಂದು ಅದು ಎಲ್ಲಿಯೂ ಹೇಳಿಲ್ಲ, ಆ ಮಾತು ನಿನ್ನದು” ಎಂದರು ಗುರುಗಳು.