ಚಟದ ಭಿಕ್ಷೆ

ಕೃಷ್ಣೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿಯ ಗುರುವನ್ನು ಊರವರು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅಜ್ಜ ಭಿಕ್ಷೆಗೆ ಹೊರಟರೆ ಎರಡು ಜೋಳಿಗೆ. ಬಿಳಿಯದು ರೊಟ್ಟಿಗೆ. ಕಾವಿಯದು ಚಟಕ್ಕೆ.

"ತಾಯೀ, ರೊಟ್ಟಿ ಹಾಕು," ಎನ್ನುವರು. ರೊಟ್ಟಿ ಬಿದ್ದ ಮೇಲೆ ಕಾವಿ ಜೋಳಿಗೆ ಚಾಚಿ, "ಮನಿಯಾಗ ಏನರ ಚಟ ಇದ್ರ ಅದನ್ನೂ ಹಾಕಿಬಿಡು," ಎನ್ನುವರು.

ಬೀಡಿ ಕಟ್ಟು ಬೀಳುತ್ತಿತ್ತು. ಗುಟ್ಕಾ ಚೀಟಿ ಬೀಳುತ್ತಿತ್ತು. ಒಮ್ಮೊಮ್ಮೆ ಬಾಟ್ಲಿಯೂ ಬೀಳುತ್ತಿತ್ತು. ಹಾಕಿದವರಲ್ಲಿ ಕೆಲವರು ಬಿಟ್ಟೇಬಿಡುತ್ತಿದ್ದರು. ಕೆಲವರು ನಾಲ್ಕು ದಿನ ಬಿಟ್ಟು ಮತ್ತೆ ಹಿಡಿಯುತ್ತಿದ್ದರು.

ಕಾವಿ ಜೋಳಿಗೆ ಹೊರುವವನು ಶಿಷ್ಯ ಮಡಿವಾಳ. ಹುಟ್ಟಿದಾಗಿನಿಂದ ಚಹಾ ಸಹ ಕುಡಿದವನಲ್ಲ. ಅದನ್ನು ಕೇಳದವರಿಗೂ ಹೇಳುತ್ತಿದ್ದ.

ಒಂದು ಮುಂಜಾನೆ ಅಜ್ಜ ನದಿಗೆ ಜಳಕಕ್ಕೆ ಹೋಗಿದ್ದರು. ಹರಿಗೋಲಿನ ದುರ್ಗಪ್ಪ ಏದುಸಿರು ಬಿಡುತ್ತ ಮಠದ ಬಾಗಿಲಿಗೆ ಬಂದ. ಹೋದ ಅಮಾವಾಸ್ಯೆಯಂದು ಊರೆಲ್ಲ ನೋಡುವಂತೆ ಬಾಟ್ಲಿಯನ್ನು ಜೋಳಿಗೆಗೆ ಹಾಕಿ ಅಜ್ಜನ ಪಾದ ಹಿಡಿದವನು ಅವನೇ. ಈಗ ಅವನ ಕೈಯಲ್ಲಿ ಮತ್ತೊಂದು ಬಾಟ್ಲಿ ಇತ್ತು.

"ಅಜ್ಜಾರು ಅದಾರೇನ್ರಿ?"

"ಇಲ್ಲ. ಕೈಯಾಗೇನದು?"

"ಮತ್ತ ತಗೊಂಡೆ. ಅರ್ಧ ಕುಡದೆ. ಇನ್ನರ್ಧ ಕುಡಿಯೂದ್ರೊಳಗ ಜೋಳಿಗ್ಯಾಗ ಹಾಕಬೇಕು ಅಂತ ಓಡಿ ಬಂದೀನ್ರಿ. ತಗೋರಿ, ಲಗೂನ ತಗೋರಿ."

ಮಡಿವಾಳ ಜೋಳಿಗೆಯನ್ನು ಬೆನ್ನ ಹಿಂದೆ ಸರಿಸಿದ.

"ಒಮ್ಮೆ ಹಾಕಿದಿ. ಮತ್ತ ಕುಡದಿ. ಇದೇನು ಗುರುವಿನ ಜೋಳಿಗಿನೋ, ನಿಮ್ಮ ಮನಿ ಗೂಡೋ? ಇಡೂದು, ತಗೊಳ್ಳೂದು, ಮತ್ತ ಇಡೂದು."

"ನನ್ನ ಹೆಂಡ್ತಿ ಯಂಕವ್ವ ಹೇಳ್ಯಾಳ್ರಿ. ಈ ಬಾಟ್ಲಿ ತಿರುಗಿ ಮನಿಗೆ ಬಂದ್ರ ಮಕ್ಕಳನ್ನ ಕರಕೊಂಡು ತವರಿಗೆ ಹೋಗ್ತೀನಿ ಅಂತ."

"ಹೋಗಲಿ. ಅಕಿಗರ ಬುದ್ಧಿ ಐತಿ."

ಮಡಿವಾಳ ಬಾಗಿಲು ಹಾಕಿದ. ಹಾಕಿ, ಒಳ್ಳೆಯ ಕೆಲಸ ಮಾಡಿದವನ ಹಾಗೆ ಕೈ ತೊಳೆದುಕೊಂಡ.

ಮಧ್ಯಾಹ್ನ ಬಿಸಿಲು ಏರಿತು. ನದಿಯ ಮೇಲಿನ ಗಾಳಿ ನಿಂತು, ಆಚೆ ದಂಡೆ ನಡುಗುತ್ತ ಕಾಣುತ್ತಿತ್ತು. ಮಡಿವಾಳ ಬೇವಿನ ಮರದ ಕೆಳಗೆ ಕಾವಿ ಜೋಳಿಗೆಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ಕಣ್ಣು ಹತ್ತಿತೋ ಇಲ್ಲವೋ, ಜೋಳಿಗೆಯೊಳಗೆ ಜಗಳ ಕೇಳಿಸಿತು.

"ಸರೀರಿ," ಎಂದಿತು ಬಾಟ್ಲಿ. "ನನ್ನ ಕೊರಳಾಗ ಸರಕಾರದ ಮುದ್ರೆ ಐತಿ. ನಾ ಮ್ಯಾಲೆ ಕೂಡಾಕಿ."

"ನಿನಗಿಂತ ಮೊದಲ ನಾ ಸಾಧುಗಳ ಚಿಲುಮಿಯಾಗ ಕುಂತಾಕಿ," ಎಂದಿತು ಗಾಂಜಾ ಸೊಪ್ಪು.

"ಈಗ ನಿನ್ನ ಬೆಳೆದವ್ರ ಕೈಗೆ ಬೇಡಿ," ಎಂದು ಬೀಡಿ ಕೆಮ್ಮಿತು.

"ಸುಮ್ಮಕಿರ್ರಿ," ಎಂದಿತು ತಂಬಾಕು. "ಲಗ್ನ ನಿಶ್ಚಯದ ತಾಟಿನಾಗ ಎಲಿ ಅಡಿಕಿ ಮಗ್ಗಲಕ ಕೂಡಾಂವ ನಾ. ನೀವ್ಯಾರರ ಕುಂತೀರೇನು?"

ಜೋಳಿಗೆ ಈಗ ಒಂದು ದೊಡ್ಡ ಅಂಗಳವಾಗಿತ್ತು. ಎಲ್ಲರೂ ಕುಲಗೋತ್ರ ಹೇಳಿಕೊಂಡು ಮೇಲಿನ ಜಾಗಕ್ಕೆ ನೂಕಾಡುತ್ತಿದ್ದರು. ನಡುವೆ ಮಡಿವಾಳ ನಿಂತಿದ್ದ.

"ನೀ ಯಾರೋ?" ಎಂದು ಎಲ್ಲರೂ ತಿರುಗಿದರು.

"ನಿಮ್ಮನ್ನ ಯಾರನ್ನೂ ಮುಟ್ಟದಾಂವ."

ಜಗಳ ನಿಂತಿತು. ಬೀಡಿ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

"ಜಾಗಾ ಬಿಡ್ರಿ," ಎಂದಿತು. "ನಮ್ಮೆಲ್ಲಾರ ತಲಿ ಮ್ಯಾಲೆ ಕೂಡಾಂವ ಬಂದಾನ."

ಮಡಿವಾಳ ಎದ್ದು ಕುಳಿತ. ಎದುರಿಗೆ ನದಿ ಖಾಲಿಯಾಗಿತ್ತು. ಮುಂಜಾನೆಯಿಂದ ಹರಿಗೋಲು ಒಮ್ಮೆಯೂ ದಾಟಿರಲಿಲ್ಲ.

ಸಂಜೆ ಊರ ಮುಖಂಡ ಶಂಕ್ರಗೌಡ ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ಮಠಕ್ಕೆ ಬಂದ. ಅಜ್ಜ ಕಟ್ಟೆಯ ಮೇಲಿದ್ದರು.

"ಅಜ್ಜಾರ, ಊರಿಗೊಂದು ಕಟ್ಟಳೆ ಮಾಡಿಕೊಡ್ರಿ. ಕುಡದಾಂವ ಮಠದ ಮೆಟ್ಟಿಲು ಹತ್ತಬಾರದು. ಅವಗ ನೀರಿಲ್ಲ, ಬೆಂಕಿ ಇಲ್ಲ."

"ಕುಡಿಯಾಕ ಅಂಗಡಿ ತೆಗದು ಕುಂತಾವ್ರಿಗೆ ಪರವಾನಿಗಿ ಐತಿ," ಎಂದ ಹಿರಿಯರಲ್ಲೊಬ್ಬ. "ಹಿತ್ತಲದಾಗ ಎರಡು ಗಾಂಜಾ ಗಿಡ ಹಚ್ಚಿದ ಹುಲಗಪ್ಪ ಜೇಲಿನಾಗ ಅದಾನ. ಯಾವುದು ತಪ್ಪು ಅಂತ ತಿಳಕೊಳ್ಳೂದ್ರಿ?"

"ಎಲ್ಲಾದಕ್ಕೂ ಕಾಯ್ದೆ ಬಿಗಿ ಆಗ್ಬೇಕು," ಎಂದ ಗೌಡ. ತುಟಿಯೊಳಗಿನ ತಂಬಾಕಿನ ರಸ ಜಾರದಂತೆ ಮುಖವನ್ನು ಆಕಾಶಕ್ಕೆತ್ತಿ ಹೇಳಿದ.

ಅಜ್ಜ ಕಾವಿ ಜೋಳಿಗೆ ಚಾಚಿದರು.

"ಮೊದಲ ಅದನ್ನ ಹಾಕು ಗೌಡಾ."

ಗೌಡ ಗೋಡೆಯ ಆಚೆ ಹೋಗಿ ಉಗುಳಿ ಬಂದ. ನಕ್ಕ.

"ಇದು ಚಟ ಅಲ್ರಿ ಅಜ್ಜಾರ. ರೂಢಿ."

"ಹೌದೋ ಏನೋ," ಎಂದರು ಅಜ್ಜ.

ಮಡಿವಾಳನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ಆ ಕಟ್ಟಳೆ ನಾ ಆಗಲೇ ನಡಸೀನ್ರಿ. ಮುಂಜಾನೆ ದುರ್ಗಪ್ಪ ಬಂದಿದ್ದ. ಬಾಗಲಾಗಿಂದನ ತಿರುಗಿಸಿ ಕಳಿಸಿದೆ."

"ಭಪ್ಪರೆ!" ಎಂದ ಗೌಡ.

"ಬರಿಗೈಲೆ ಬಂದಿದ್ದನೇನು?" ಎಂದು ಅಜ್ಜ ಕೇಳಿದರು.

"ಇಲ್ರಿ. ಅರ್ಧ ಬಾಟ್ಲಿ ಇತ್ತು. ಜೋಳಿಗ್ಯಾಗ ಹಾಕ್ತೀನಿ ಅಂದ."

ಅಜ್ಜನ ಮುಖ ಸಣ್ಣದಾಯಿತು. "ಭಿಕ್ಷೆ ತಂದಿದ್ದ," ಎಂದರು. ಜೋಳಿಗೆ ಎತ್ತಿಕೊಂಡು, ಹಿರಿಯರನ್ನು ಕಟ್ಟೆಯ ಮೇಲೆಯೇ ಬಿಟ್ಟು ನದಿಯ ಕಡೆ ನಡೆದರು. ಮಡಿವಾಳ ಹಿಂದೆ ಓಡಿದ.

ನೀರು, ಆಕಾಶ ಎರಡೂ ಒಂದೇ ಬಣ್ಣವಾಗಿದ್ದವು. ಎಲ್ಲಿ ನದಿ ಮುಗಿಯಿತು ಎಂದು ಹೇಳುವುದು ಕಷ್ಟವಿತ್ತು. ಹಗ್ಗಕ್ಕೆ ಕಟ್ಟಿದ ಹರಿಗೋಲು ಅದರ ಮೇಲೆ ನಿಧಾನವಾಗಿ ತಿರುಗುತ್ತಿತ್ತು. ಒಳಗೆ ದುರ್ಗಪ್ಪ ಬೆನ್ನು ಮಾಡಿ ಕುಳಿತಿದ್ದ.

ದಂಡೆಯ ಮೇಲೆ ಯಂಕವ್ವ ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ಎರಡೂ ಮಕ್ಕಳು ಅವಳಿಗೆ ಒರಗಿ ನಿದ್ದೆ ಹೋಗಿದ್ದವು.

"ಯಾಕ ತಾಯೀ, ಇಲ್ಲಿ?"

"ತವರಿಗೆ ಹೊಂಟೀನ್ರಿ. ಆ ದಂಡಿಗೆ."

"ಮತ್ತ?"

"ದಾಟಿಸಾಂವ ಅವನೊಬ್ಬನ. ಮುಂಜಾನಿಯಿಂದ ಹುಟ್ಟು ಹಿಡಿವಲ್ಲ." ಹೇಳುತ್ತ ಯಂಕವ್ವನಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು.

ಅಜ್ಜ ಮೊಣಕಾಲುದ್ದ ನೀರಿಗಿಳಿದರು.

"ದುರ್ಗಪ್ಪಾ, ಭಿಕ್ಷೆ ಹಾಕಪ್ಪಾ."

ಅವನು ತಿರುಗಲಿಲ್ಲ. "ನಿಮ್ಮ ಜೋಳಿಗಿ ಹೊಲಸ ಆಗ್ತೈತ್ರಿ ಅಜ್ಜಾರ."

"ಅದು ಇರೂದ ಅದಕ್ಕ."

"ಮುಂಜಾನೆ ಅರ್ಧ ಇತ್ತು. ಈಗ ಒಂದು ಗುಟುಕು ಉಳದೈತಿ."

ಮಡಿವಾಳನಿಗೆ ಮುಂಜಾನೆಯಿಂದ ಇವನು ಕುಡಿದದ್ದನ್ನೆಲ್ಲ ತಾನೇ ಕುಡಿಸಿದಂತೆ ಅನಿಸಿತು. ಆದರೂ ಮನಸ್ಸು ಇನ್ನೂ ವಾದಿಸುತ್ತಿತ್ತು.

"ಅಜ್ಜಾರ, ಒಬ್ಬನ ಕಡೆ ಅದೊಂದನ್ನ ಎಷ್ಟು ಸಲ ಬೇಡೂದ್ರಿ?"

"ನಿನ್ನಿ ರೊಟ್ಟಿ ಯಾರ ಮನ್ಯಾಗಿಂದ ತಂದಿ?"

ಮಡಿವಾಳ ದಂಡೆಯ ಕಡೆ ನೋಡಿದ. "ಈ ಅಕ್ಕನ ಮನ್ಯಾಗಿಂದ."

"ಮೊನ್ನಿ?"

"ಅಲ್ಲಿಂದನ."

"ಮೊನ್ನಿ ಹಾಕೀನಿ, ಮತ್ಯಾಕ ಬಂದಿ ಅಂದಳೇನು?"

ಅಜ್ಜ ಜೋಳಿಗೆಯನ್ನು ಮಡಿವಾಳನ ಹೆಗಲಿಗೆ ಹಾಕಿದರು.

ಅವನು ನೀರಿಗಿಳಿದ. ನೀರು ಸೊಂಟಕ್ಕೆ ಬಂತು. ಹರಿಗೋಲು ಒಂದು ಸುತ್ತು ತಿರುಗಿ ದುರ್ಗಪ್ಪನ ಮುಖವನ್ನು ಅವನ ಎದುರಿಗೆ ತಂದಿತು. ಜೋಳಿಗೆ ತೆರೆದು ಹಿಡಿದ.

"ಭಿಕ್ಷೆ ಹಾಕ್ರಿ, ಅಣ್ಣಾ."

"ಬಾಗಲಾ ಹಾಕಿದ್ರಿ ನೀವು."

"ಹಾಕಿದೆ. ತಪ್ಪಾತು."

ದುರ್ಗಪ್ಪ ಆ ಒಂದು ಗುಟುಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಬಾಟ್ಲಿ ಜೋಳಿಗೆಗೆ ಬಿತ್ತು.

ಅವನು ಹುಟ್ಟು ಕೈಗೆ ತೆಗೆದುಕೊಂಡು ಹೆಂಡತಿಯ ಕಡೆ ನೋಡಿದ. ದಾಟಿಸಲೇ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

"ಇವತ್ತು ಕತ್ತಲಾತು," ಎಂದಳು ಯಂಕವ್ವ, ನದಿಗೆ ಹೇಳಿದ ಹಾಗೆ. ಗಂಟು ಬಿಚ್ಚಲಿಲ್ಲ. ಮಕ್ಕಳನ್ನು ಎಬ್ಬಿಸಿ, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯ ಕಡೆ ಹೊರಟಳು.

ಗುರು ಶಿಷ್ಯರಿಬ್ಬರೂ ಒದ್ದೆ ಬಟ್ಟೆಯಲ್ಲಿ ಮಠದ ದಾರಿ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ಮಡಿವಾಳ ಕೇಳಿದ.

"ಅಜ್ಜಾರ, ನಾಳೆ ಅಂವ ಮತ್ತ ಕುಡದ್ರ?"

ಅಜ್ಜ ಧೋತರದ ಅಂಚು ಹಿಂಡುತ್ತ ನಿಂತರು.

"ನಾಳೆ ನಮಗ ಹಸಿವಾಗೂದಿಲ್ಲೇನು?"