ಸಾಹೇಬರಿಗೆ ಕಳಿಸಿದ ತಿಳಿನೀರು

"ಗುರುಗಳೇ, ಕಪಟವಿಲ್ಲದವನು ಶ್ರದ್ಧೆಯಿಂದ ಮಾಡಿದ ಕೆಲಸದಿಂದ ಯಾರಿಗಾದರೂ ಕೇಡಾದೀತೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು, ಈ ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ಗಣಿ ಇತ್ತು. ಕೆಳಗೆ ನದಿ, ನದಿಯ ದಡದಲ್ಲಿ ಒಂದು ಊರು. ಗಣಿಯವರು ಅದಿರು ತೊಳೆದ ನೀರನ್ನು ತೂಬು ತೆಗೆದು ನದಿಗೆ ಬಿಡುತ್ತಿದ್ದರು. ನದಿ ಕೆಟ್ಟಿದೆಯೋ ಇಲ್ಲವೋ ನೋಡಲು ಪಟ್ಟಣದಲ್ಲಿ ಒಬ್ಬ ಅಧಿಕಾರಿ ಇದ್ದ. ವಾರಕ್ಕೊಂದು ಸೀಸೆ ನೀರು ತುಂಬಿ ಅವನಿಗೆ ಕಳಿಸಲು ಊರಿನವನನ್ನೇ ಒಬ್ಬನನ್ನು ನೇಮಿಸಿದ್ದರು. ಊರೆಲ್ಲ ಅವನನ್ನು ಸೀಸೆ ಮಾವ ಎಂದು ಕರೆಯುತ್ತಿತ್ತು.

ಸೀಸೆ ಮಾವನ ಜಂಬಕ್ಕೆ ಊರಿನ ಕಟ್ಟೆ ಸಾಲುತ್ತಿರಲಿಲ್ಲ. "ನನ್ನ ಸೀಸೆ ನೋಡಿ ಸಾಹೇಬರು ಖಾಲಿ ಎಂದುಕೊಂಡು ಬೋರಲು ಹಾಕಿದರಂತೆ ಕಣ್ರೋ. ಪ್ಯಾಂಟೆಲ್ಲ ಒದ್ದೆ. ಪಾಪ, ಸಾಯಂಕಾಲದವರೆಗೂ ಕುರ್ಚಿ ಬಿಟ್ಟು ಏಳಲಿಲ್ಲವಂತೆ," ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ.

ಆದರೆ ಕೆಲಸದಲ್ಲಿ ಅವನು ಕಳ್ಳನಲ್ಲ. ಮಳೆಯಿರಲಿ, ಜ್ವರವಿರಲಿ, ಸೊಂಟದ ಮಟ್ಟಕ್ಕೆ ಇಳಿದು ನಡುನೀರನ್ನೇ ಕೊಡಕ್ಕೆ ತುಂಬುತ್ತಿದ್ದ. ಸೀಸೆಯನ್ನು ಮೂರು ಸಲ ಗಲಬರಿಸುತ್ತಿದ್ದ. ಕೊಡವನ್ನು ಮನೆಗೆ ತಂದು ಒಂದು ದಿನ ಅಲುಗಾಡದಂತೆ ಇಡುತ್ತಿದ್ದ. ಕೆಂಪು ಕೆಸರೆಲ್ಲ ತಳಕ್ಕೆ ಕೂತ ಮೇಲೆ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಸೀಸೆಗೆ ಹಾಕುತ್ತಿದ್ದ. ಆ ಊರಿನ ಪದ್ಧತಿಯೇ ಹಾಗೆ. ಮನೆಗೆ ಬಂದವರ ಮುಂದೆ ಬಗ್ಗಡದ ನೀರು ಇಟ್ಟರೆ, ಎದ್ದು ಹೋಗು ಎಂದಂತೆ. ತಿಳಿನೀರು ನೆಂಟರಿಗೆ, ತಳದಲ್ಲಿ ಉಳಿದದ್ದು ಮನೆಯವರಿಗೆ. ನೆಂಟರಿಗೇ ಅಷ್ಟು ಮರ್ಯಾದೆಯಾದರೆ ಸಾಹೇಬರಿಗೆ ಎಷ್ಟಿರಬೇಕು?

ಹೀಗೆ ಹನ್ನೆರಡು ವರ್ಷ ನಡೆಯಿತು. ಪ್ರತಿ ಸಲವೂ ನೀರು ಚೆನ್ನಾಗಿದೆ ಎಂದೇ ವರದಿ ಬಂತು.

ಹದಿಮೂರನೆಯ ವರ್ಷ ಊರಿನ ಮಕ್ಕಳು ಒಬ್ಬೊಬ್ಬರಾಗಿ ಮಲಗಿದರು. ಸೀಸೆ ಮಾವನ ಮೊಮ್ಮಗಳೂ ಮಲಗಿದಳು. ಹೊಟ್ಟೆ ಊದಿತು, ಕಾಲು ಸೋತವು. ಬಂದ ವೈದ್ಯ ಕೊಡದ ತಳ ನೋಡಿ, "ಈ ನೀರು ನಿಲ್ಲದೆ ಮದ್ದು ಹತ್ತುವುದಿಲ್ಲ," ಎಂದು ಹೇಳಿ ಹೋದ. ಕುಡಿಯಲು ಬೇರೆ ನೀರಿರಲಿಲ್ಲ. ಬಾವಿಗಳಿಗೂ ಅದೇ ನದಿಯ ಒರತೆ. ಊರಿನವರು ಸೇರಿ, ಗಣಿಯ ತೂಬು ಮುಚ್ಚಿಸಿ ಎಂದು ಅರ್ಜಿ ಬರೆದರು.

ಅಧಿಕಾರಿ ತಾನೇ ಬಂದ. ಹನ್ನೆರಡು ವರ್ಷದ ವರದಿಗಳ ಕಟ್ಟನ್ನು ಕಟ್ಟೆಯ ಮೇಲಿಟ್ಟ. "ಇದು ಗಣಿಯವರು ಕೊಟ್ಟ ನೀರಲ್ಲ. ನಿಮ್ಮವನೇ ತುಂಬಿದ ನೀರು," ಎಂದ.

ಎಲ್ಲರೂ ಸೀಸೆ ಮಾವನ ಕಡೆ ತಿರುಗಿದರು. ಅವನಿಗೆ ಅಲ್ಲಿಯವರೆಗೆ ಹೊಳೆಯದೇ ಇದ್ದದ್ದು ಆಗ ಹೊಳೆಯಿತು.

"ಸಾಹೇಬರೇ, ಅದು ನದಿಯ ನೀರಲ್ಲ. ನಿಮಗೆಂದು ತಿಳಿ ಮಾಡಿ ಸೋಸಿದ ನೀರು."

"ಒಂದು ಸಲ ಹಾಗೆ ಮಾಡಿದ್ದೆಯಾ?"

"ಒಂದು ಸಲವೂ ಬಿಟ್ಟಿಲ್ಲ."

"ಮಗು ಕಾಯಿಲೆ ಬಿದ್ದಿದೆ, ಅದಕ್ಕೇ ಈ ಮಾತು ಆಡುತ್ತಿದ್ದೀ. ನಾನಾದರೂ ಆಡುತ್ತಿದ್ದೆ," ಎಂದು ಅಧಿಕಾರಿ ಮೆಲ್ಲಗೆ ಹೇಳಿದ.

ಸೀಸೆ ಮಾವ ನದಿಗೆ ಓಡಿದ. ಸೀಸೆ ತುಂಬಿ ಹಾಗೇ ತಂದು ಅವನ ಕೈಗಿತ್ತ. ನೀರು ಕುಂಕುಮ ಕಲಸಿದಂತಿತ್ತು. ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕಾಲಿಟ್ಟು ಕಲಕಿದ್ದೀ," ಎಂದ. ಹನ್ನೆರಡು ವರ್ಷದ ಸೀಸೆಗಳ ಮುಂದೆ ಒಂದು ಸೀಸೆ ಏನು ಮಾಡೀತು? ತೂಬು ಮುಚ್ಚಲಿಲ್ಲ.

ಆ ತಿಂಗಳು ಮೊಮ್ಮಗಳು ತೀರಿಕೊಂಡಳು. ಸೀಸೆ ಮಾವ ಕಟ್ಟೆಗೆ ಬರುವುದನ್ನು ಬಿಟ್ಟ. ಆದರೆ ವಾರಕ್ಕೊಂದು ಸೀಸೆ ಕಳಿಸುವುದನ್ನು ಬಿಡಲಿಲ್ಲ. ಈಗ ಪ್ರತಿ ಸೀಸೆಯಲ್ಲೂ ಕೆಂಪು ನೀರು. ನಾಲ್ಕನೆಯ ವಾರ ಪಟ್ಟಣದಿಂದ ಕಾಗದ ಬಂತು: ವಯಸ್ಸಾದ್ದರಿಂದ ಕೆಲಸದಲ್ಲಿ ಶುಚಿ ಕಡಿಮೆಯಾಗಿದೆ, ಬೇರೊಬ್ಬನನ್ನು ನೇಮಿಸಿದ್ದೇವೆ.

ಹೊಸಬನೂ ಅದೇ ಊರಿನವನು. ಒಳ್ಳೆಯವನು. ಮೊದಲ ವಾರವೇ ನಡುನೀರಿಗೆ ಇಳಿದು ಕೊಡ ತುಂಬಿ, ಕೆಸರು ಕೂರಲೆಂದು ಮನೆಯಲ್ಲಿಟ್ಟ. ಸೀಸೆ ಮಾವ ಅವನ ಬಾಗಿಲಿಗೆ ಹೋಗಿ ಬೇಡ ಎಂದ. "ಸಾಹೇಬರಿಗೆ ಬಗ್ಗಡ ಕಳಿಸುವುದೇ ಮಾವ? ನಿಮಗೆ ಮಗುವಿನ ದುಃಖ," ಎಂದು ಹೊಸಬ ಅವನನ್ನು ಕೈಹಿಡಿದು ಮನೆಗೆ ಬಿಟ್ಟು ಬಂದ.

ಕತೆ ಮುಗಿಯಿತು. ಶಿಷ್ಯ ತಡೆದು ತಡೆದು ಹೇಳಿದ: "ಗುರುಗಳೇ, ಆ ಮುದುಕನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲವಲ್ಲ."

"ಇದ್ದಿದ್ದರೆ ಹನ್ನೆರಡು ವರ್ಷದಲ್ಲಿ ಯಾರಾದರೂ ಒಮ್ಮೆ ಅನುಮಾನ ಪಡುತ್ತಿದ್ದರು," ಎಂದರು ಗುರುಗಳು.